ಹಿಂದೆ ನಿಂತವಳಿಗೆ

ಬರಗೂರು
ಗುರುವಾರ, 13-2-2025

ನನ್ನ ಮೊಮ್ಮಗಳು ಶಿವರಂಜನಿಗೆ,

ನಿನ್ನ ಅಜ್ಜಿ ಓಬಳಮ್ಮ ಬರೆಯುವುದು. ನಾನು ಇಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದೇನೆ. ನೀನು ಅಲ್ಲಿ ನಿನ್ನ ಸೋದರಮಾವನ ಮನೆಯಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯ, ಕಾಲಿನ ಊತ ಪೂರಾ ಇಳಿದಿದೆ ಎಂದುಕೊಂಡಿದ್ದೇನೆ. ನೀನು ಮತ್ತು ನಿನ್ನಮ್ಮ ಪಾವಗಡಕ್ಕೆ ಹೋದ ಮಾರನೇ ದಿನವೇ ಬರೆಯಬೇಕಿತ್ತು, ತಡವಾಯಿತು, ಬೈದುಕೊಳ್ಳಬೇಡ. ಹುಣಸೆಹಣ್ಣು ಬಿಡಿಸುವ ಕಾಲ ಇದು. ಬೆರಳೆಲ್ಲ ಅಂಟು, ಪೆನ್ನು ಹಿಡಿದರೆ ಕೈಬಿಟ್ಟು ಹೋಗುವುದಿಲ್ಲ. ಇದು ನೆಪ. ನಿಜ ಏನೆಂದರೆ ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ಗೆರೆಯಿಂದ ಕೆಳಗೆ ಬೀಳುತ್ತದೆ, ಮೊದಲೇ ನಾಲ್ಕನೇ ಕ್ಲಾಸಿನ ಅಕ್ಷರ. ಸಿಟ್ಟು ಇಳಿಯಲಿ ಎಂದು ಕಾದೆ. ಅದು ಇಳಿಯದೆ ಹೇಸಿಗೆಯಾಗಿ ತಳದಲ್ಲಿ ಕೂತಿತು. ಈಗ ಅಕ್ಷರ ಗೆರೆಯ ಮೇಲೇ ನಿಲ್ಲುತ್ತದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಈ ಮನೆಯಲ್ಲಿ ಉಳಿದಿರುವುದು ನಿನ್ನ ಅಪ್ಪನ ಫೋನು. ಅದನ್ನು ನನ್ನ ಕಿವಿಗೆ ಇಟ್ಟುಕೊಂಡರೆ ಅವನ ಕಿವಿಯೂ ಪಕ್ಕದಲ್ಲಿ ಬಂದು ಕೂರುತ್ತದೆ. ನಮ್ಮ ಪಕ್ಕದ ಮನೆ ಲಕ್ಕಮ್ಮ ಶನಿವಾರ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಲು ಪಾವಗಡಕ್ಕೆ ಬರುತ್ತಿದ್ದಾಳೆ, ಅವಳ ಕೈಲಿ ಈ ಕಾಗದ ಕಳಿಸುತ್ತೇನೆ. ಅವಳಿಗೆ ಓದಲು ಬರುವುದಿಲ್ಲ, ಅದೊಂದು ನೆಮ್ಮದಿ.

ನೀನು ಬಸ್ಸು ಹತ್ತುವಾಗ ಒಂದು ಮಾತು ಹೇಳಿದೆಯಲ್ಲ, “ಇನ್ನು ಆಡಲ್ಲ ಕಣಜ್ಜಿ, ತುಮಕೂರಿಗೂ ಹೋಗಲ್ಲ” ಎಂದು, ಆ ಮಾತಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಬರುವ ಬುಧವಾರ ತುಮಕೂರಿನಲ್ಲಿ ಜಿಲ್ಲಾ ಫುಟ್‌ಬಾಲ್ ಟೀಮಿಗೆ ಹುಡುಗಿಯರನ್ನು ಆರಿಸುತ್ತಾರೆ, ನಿನ್ನ ಹೆಸರು ಕಳಿಸಿದ್ದೇನೆ ಎಂದು ನಿಮಗೆ ಆಟ ಕಲಿಸುವ ಪ್ರಸನ್ನ ಕುಮಾರ್ ಮೇಷ್ಟ್ರು ಮತ್ತೆ ಬಂದು ಹೇಳಿಹೋದರು. ನೀನು ಹೋಗಬೇಕು. ಯಾಕೆ ಎಂದು ಪೂರಾ ಓದಿದ ಮೇಲೆ ಜಗಳ ಆಡು.

ಊರಿನ ಸಮಾಚಾರ ಮೊದಲು ಮುಗಿಸುತ್ತೇನೆ. ಕರಿ ಮೇಕೆ ಮರಿ ಹಾಕಿದೆ. ನಿನ್ನ ಅಪ್ಪನಿಗೆ ಇದ್ದಕ್ಕಿದ್ದ ಹಾಗೆ ದೈವಭಕ್ತಿ ಬಂದು ಶುಕ್ರವಾರವಾದರೆ ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಬಸ್ಸು ಹತ್ತುತ್ತಾನೆ, ಬರುವಾಗ ಕುಂಕುಮದ ಪೊಟ್ಟಣ ತರುತ್ತಾನೆ. ನೀವು ಮಧುಗಿರಿಯಲ್ಲಿ ಗೆದ್ದದ್ದಕ್ಕೆ ಕಟ್ಟಿದ ಆ ಫ್ಲೆಕ್ಸು ಇನ್ನೂ ಬಸ್ ಸ್ಟ್ಯಾಂಡಿನಲ್ಲಿ ನೇತಾಡುತ್ತಿದೆ. ಹಾಲು ಹಾಕಲು ಡೈರಿಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅದರ ಮುಖ ನೋಡಬೇಕು. ಮೇಲೆ ಮೊರದಗಲ ಪಂಚಾಯ್ತಿ ಮೆಂಬರ್ ಕಾಡಸಿದ್ದಪ್ಪನ ಮುಖ, ಕೈ ಮುಗಿದು ಹಲ್ಲು ಬಿಟ್ಟುಕೊಂಡು, ತಾನೇ ಚೆಂಡು ಒದ್ದು ಬಂದವನ ಹಾಗೆ. ಅವನ ಕೆಳಗೆ ಅವನ ಹಿಂದೆಮುಂದೆ ಓಡಾಡುವವರ ಮುಖಗಳು, ಕಪ್ಪು ಕನ್ನಡಕ ಹಾಕಿಕೊಂಡು. ಎಲ್ಲರಿಗಿಂತ ಕೆಳಗೆ, ಅವರೆಕಾಳಿನಷ್ಟು, ಆಡಿ ಗೆದ್ದ ಹುಡುಗಿಯರು. ಹನ್ನೊಂದು ಜನ ಆಡುವ ಆಟಕ್ಕೆ ಹತ್ತೇ ತಲೆ. ನಿನ್ನ ತಲೆ ಇರಬೇಕಾದ ಕಡೆ ಒಂದು ಗುಲಾಬಿ ಹೂವಿನ ಚಿತ್ರ ಅಂಟಿಸಿದ್ದಾರೆ. ನಿನ್ನೆ ಒಂದು ಹಸು ಅದರ ಮೂಲೆ ಎಳೆದು ಜಗಿಯುತ್ತಿತ್ತು. ಓಡಿಸದೆ ನಿಂತು ನೋಡಿದೆ.

ಸನ್ಮಾನದ ದಿನ ನೀನು ಕುರ್ಚಿ ಸಾಲಿನ ಹಿಂದೆ ಕಾಲಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದೆ, ಮಧ್ಯದಲ್ಲೇ ಮನೆಗೆ ಹೋದೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ.

ಗೋಲು ಹೊಡೆದ ಅಶ್ವಿನಿಗೆ ಜರಿ ಪೇಟ ಇಟ್ಟರು. ಅವಳ ತಲೆಗೆ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯಿತು, ಪಾಪ, ಹುಡುಗಿಯದೇನು ತಪ್ಪು. ಕೀಪರ್ ಲಕ್ಷ್ಮೀದೇವಿಗೆ ಶಾಲು. ಮಿಕ್ಕವರಿಗೆ ಒಂದೊಂದು ಹೂವು. ಹೆಸರು ಕರೆಯುತ್ತಾ ಹೋದರು, ನಾನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾ ಹೋದೆ. ನಿನ್ನ ಹೆಸರು ಬರಲಿಲ್ಲ. ವಂದನಾರ್ಪಣೆಗೆ ಮೈಕು ಹೋಯಿತು. ನಿನ್ನ ಅಪ್ಪ ಹಾರದ ತಟ್ಟೆ ಹಿಡಿದುಕೊಂಡು ಸ್ಟೇಜಿನ ಮೇಲೇ ಇದ್ದ, ನನ್ನ ಕಡೆ ತಿರುಗಲಿಲ್ಲ. ನಾನು ಎದ್ದೆ.

“ಸಿದ್ದಪ್ಪ, ನನ್ ಮೊಮ್ಮಗ್ಳೆಲ್ಲಿ?” ಎಂದೆ.

“ನೋಡವ್ವ, ಗೋಲು ಹೊಡ್ದೋರ್ಗೆ ಪೇಟ, ಗೋಲು ಹಿಡ್ದೋರ್ಗೆ ಶಾಲು, ಮಿಕ್ಕೋರ್ಗೆ ಹೂವ. ಅಂಗಂತ ಕಮಿಟಿನಾಗೆ ಮಾತಾಗೈತೆ,” ಎಂದ.

“ಅವ್ಳಿಗೆ ಹೂವನೂ ಇಲ್ವಲ್ಲಪ್ಪ. ಮಧುಗಿರಿಗೆ ಆಡಕ್ಕೋಗಿದ್ಲಾ, ಇಲ್ಲಾ ಗ್ರೌಂಡ್‌ನಾಗೆ ಕಳೆ ಕೀಳಕ್ಕೋಗಿದ್ಲಾ?”

ಜನ ನಕ್ಕರು. ಅವನು ಟವೆಲಿನಲ್ಲಿ ಕತ್ತು ಒರೆಸಿಕೊಂಡು, “ಹಿಂದೆ ನಿಂತಿದ್ದ ಹುಡ್ಗಿ ಕಣವ್ವ, ಹೆಸ್ರು ಕಣ್ ತಪ್ಪೋಗೈತೆ, ಬುಡು ಅತ್ಲಾಗೆ,” ಎಂದ.

“ನಿಮ್ಮನೆ ಹಿತ್ಲ ಬಾಗ್ಲೂ ಹಿಂದೆನೇ ನಿಂತಿರ್ತದೆ. ಇವತ್ತು ಅದ್ನ ಕಿತ್ತು ಪಕ್ಕಕ್ಕಿಟ್ಟು ಮನೀಕೋ. ಬೆಳಿಗ್ಗೆ ಎದ್ದು ಏನೇನ್ ಉಳ್ದೈತೆ ನೋಡ್ಕಂಡ್ ಬಂದು ಹೇಳು,” ಎಂದೆ.

ಮೈಕಿನವನು ಬೇಗ ಒಂದು ಹಾಡು ಹಾಕಿಬಿಟ್ಟ. ಹಣ್ಣಿನ ಬುಟ್ಟಿಯ ಬಣ್ಣದ ಕಾಗದ ಹರಿದು ಸ್ಟೇಜಿನ ಮೇಲಿದ್ದವರು ಬಾಳೆಹಣ್ಣು ಸುಲಿಯತೊಡಗಿದರು. ಹುಡುಗಿಯರಿಗೆಂದು ತಂದ ಬುಟ್ಟಿ ಅದು. ಅಷ್ಟು ಜನ ಗಂಡಸರು ಹಾರ ಹಾಕಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಸಿಪ್ಪೆಯನ್ನು ಹುಡುಗಿಯರ ಕಾಲ ಹತ್ತಿರ ಎಸೆಯುವುದನ್ನು ನೋಡಿ ಮನೆಗೆ ಹೊರಟುಬಿಟ್ಟೆ. ಅವತ್ತಿನಿಂದ ಬಾಳೆಹಣ್ಣು ಮುಟ್ಟಿಲ್ಲ.

ಮಾರನೇ ದಿನ ಇನ್ನೊಂದು ಹೇಸಿಗೆ. ಉಪ್ಪು ತರಲು ಹೋದವಳು ರಂಗಸ್ವಾಮಿಯ ಟೀ ಹೋಟೆಲ್ ಮುಂದೆ ನಿಂತೆ. ಒಳಗೆ ನಿಮ್ಮ ಆಟದ ಮೇಲೇ ಪಂಚಾಯ್ತಿ ನಡೆಯುತ್ತಿತ್ತು. ಕಾಯುವವರಲ್ಲಿ ಯಾರು ಮುಖ್ಯ ಎಂದು. ರಿಟೈರಾದ ಬಸ್ ಡ್ರೈವರ್ ಗಂಗಹನುಮಯ್ಯ ಕೀಪರ್ ಪರ. “ಕೈ ಮುಟ್ಟಿಸಂಗಿರೋಳು ಅವ್ಳೊಬ್ಳೇ ಕಣ್ಲಾ. ಅವ್ಳು ಬುಟ್ರೆ ಮುಗೀತು,” ಎಂದ. ರಂಗಸ್ವಾಮಿ ಟೀ ಎತ್ತಿ ಹುಯ್ಯುತ್ತಾ, “ಲೇ, ಅದು ಹಳೇ ಕಾಲ. ಈಗ ಅಂಚಿನಾಗೆ ಓಡೋ ಬ್ಯಾಕ್‌ಗಳ ಕಾಲ. ಹಿಂದೆ ಕಾಯಬೇಕು, ಮುಂದೆ ಹೋಗಿ ಬಾಲೂ ಕೊಡಬೇಕು. ರಾತ್ರಿಯೆಲ್ಲ ಟೀವಿನಾಗೆ ನೋಡ್ತೀನಿ,” ಎಂದ. ಪ್ರಸನ್ನ ಕುಮಾರ್ ಮೇಷ್ಟ್ರು ಮೂಲೆಯಲ್ಲಿದ್ದರು. “ಒಬ್ಬಳನ್ನೇ ಬೇರೆ ಮಾಡಿ ಹೇಳಕ್ಕಾಗಲ್ಲ, ನಾಲ್ಕು ಜನ ಒಂದು ಸಾಲಿನಲ್ಲಿ ಹಿಂದೆಮುಂದೆ ಆಗಬೇಕು. ಆದ್ರೂ ಆ ಸಾಲನ್ನ ಹಿಡಿದಿಡೋಳು ಮಧ್ಯದ ಸ್ಟಾಪರ್. ನಮ್ಮ ಶಿವರಂಜನಿ ಇರದಿದ್ರೆ ಸೆಮಿಫೈನಲ್‌ನಲ್ಲೇ ಬಸ್ಸು ಹತ್ತುತಿದ್ವಿ,” ಎಂದರು. ಎಲ್ಲರೂ ಹೌದೌದು ಎಂದು ತಲೆ ಆಡಿಸಿದರು.

ನಾನು ಬಾಗಿಲಿಗೆ ಹೋಗಿ, “ಇಷ್ಟೆಲ್ಲ ತಿಳ್ಕಂಡೋರು ನೆನ್ನೆ ಬಾಯ್ನಾಗೆ ಏನ್ ಮಡಿಕ್ಕಂಡಿದ್ರಿ?” ಎಂದೆ. ಗಂಗಹನುಮಯ್ಯ ಟೀ ಲೋಟದ ತಳ ನೋಡಿದ. ಮೇಷ್ಟ್ರು ಮಾತ್ರ ಎದ್ದು ನಿಂತು, “ತಪ್ಪಾಯ್ತಮ್ಮ, ಲಿಸ್ಟು ನಾನು ಕೊಟ್ಟಿದ್ದೆ, ಆಮೇಲೆ ಯಾರು ತಿದ್ದಿದರೋ,” ಎಂದರು. ಟೀ ಕುಡಿಯುವಾಗ ನ್ಯಾಯ, ಸ್ಟೇಜಿನ ಕೆಳಗೆ ಚಪ್ಪಾಳೆ. ಇಂಥವರ ಬಾಯಿಂದ ನಿನ್ನ ಹೆಸರು ಬರಲಿಲ್ಲ ಎಂದು ನೀನು ಆಟ ಬಿಡುತ್ತೀಯ?

ಲಕ್ಷ್ಮೀದೇವಿ ಮನೆಗೆ ಬಂದಿದ್ದಳು, ಶಾಲು ಮಡಚಿಕೊಂಡು. “ಅಜ್ಜಿ, ನನ್ನ ಕೈಗೆ ಬಂದಿದ್ದು ಒಂದೋ ಎರಡೋ ಬಾಲು. ಮಿಕ್ಕಿದ್ದನ್ನ ರಂಜು ನನ್ನತಂಕ ಬರಕ್ಕೇ ಬುಡ್ಲಿಲ್ಲ. ಇದು ಅವಳ್ದು,” ಎಂದು ಅತ್ತಳು. ನಾನು ಆ ಶಾಲು ಮುಟ್ಟಿ ನೋಡಿದೆ, ಸೊಳ್ಳೆಪರದೆ ಅದಕ್ಕಿಂತ ಮೇಲು. “ಮಡಿಕ್ಕೋ ಮಗ, ಮಳೆಗಾಲದಾಗೆ ಕಿಟಕಿಗೆ ಕಟ್ಟು,” ಎಂದು ಕಡಲೆಬೀಜದ ಉಂಡೆ ಕೊಟ್ಟು ಕಳಿಸಿದೆ. ಒಳ್ಳೆ ಹುಡುಗಿ. ಊರಿನಲ್ಲಿ ನಾಚಿಕೆ ಉಳಿದಿರುವುದು ಅವಳೊಬ್ಬಳ ಹತ್ತಿರ.

ಈಗ ಆಟದ ಮಾತು. ಮಧುಗಿರಿ ಬೆಟ್ಟದ ಬುಡದಲ್ಲಿ ಫೈನಲ್ ನೋಡಲು ನಾನೂ ಲಕ್ಕಮ್ಮನೂ ಬಂದಿದ್ದೆವಲ್ಲ, ಮೊದಮೊದಲು ನನಗೆ ನಿನ್ನ ಮೇಲೇ ಬೇಜಾರು. ಎಲ್ಲರೂ ಚೆಂಡಿನ ಹಿಂದೆ ಓಡುತ್ತಿದ್ದರೆ ನೀನು ಕೊಟ್ಟಿಗೆ ಬಾಗಿಲಲ್ಲಿ ಕಟ್ಟಿದ ಹಸುವಿನ ಹಾಗೆ ಹಿಂದೆ ನಿಂತಿದ್ದೆ. ಮೇಷ್ಟ್ರು ಏನೋ ತಪ್ಪಿಗೆ ನಿಲ್ಲಿಸಿದ್ದಾರೆ ಎಂದುಕೊಂಡೆ. ಆಮೇಲೆ ಕೊರಟಗೆರೆ ಟೀಮಿನ ಆ ಉದ್ದನೆ ಹುಡುಗಿ ಚೆಂಡು ತಂದಳು. ನಮ್ಮ ಪಕ್ಕದ ಬ್ಯಾಕ್ ಹುಡುಗಿ ಅವಳ ಕಾಲಿಗೆ ಎಗರಿದಳು. ಅವಳು ಸೊಂಟ ಒಂದು ಕಡೆ ಆಡಿಸಿ ಇನ್ನೊಂದು ಕಡೆಯಿಂದ ದಾಟಿಕೊಂಡಳು, ನಮ್ಮವಳು ಮಣ್ಣಿನಲ್ಲಿ ಕೂತಳು. ನಿನ್ನ ಮುಂದೆಯೂ ಹಾಗೇ ಸೊಂಟ ಆಡಿಸಿದಳು. ನೀನು ಎಗರಲಿಲ್ಲ. ಅವಳ ಮುಖ ನೋಡದೆ ಚೆಂಡು ನೋಡುತ್ತಾ ಹೆಜ್ಜೆ ಹೆಜ್ಜೆ ಹಿಂದಕ್ಕೆ ಸರಿದೆ. “ಹೋಗಿ ಕಿತ್ಕಳ್ಳೇ, ಯಾಕಿಂಗೆ ಹಿಂದಕ್ಕೋಗ್ತೀಯಾ,” ಎಂದು ನಾನು ಕೂಗಿದೆ, ನಾಚಿಕೆಯಿಲ್ಲದೆ. ಅವಳು ಆ ಕಡೆ ಆಡಿದಳು, ಈ ಕಡೆ ಆಡಿದಳು, ಆಡಿ ಆಡಿ ಅಂಚಿಗೆ ಬಂದು ಜಾಗ ಸಾಲದೆ ಚೆಂಡನ್ನು ಹೊರಕ್ಕೆ ಒದ್ದಳು. ನೀನು ಮುಟ್ಟಲೂ ಇಲ್ಲ.

ಆಗ ನನಗೆ ನಮ್ಮಪ್ಪ ಕಂಡ. ಮದುವೆಗೆ ಮೊದಲು ನಾನು ಪಾವಗಡದ ಗುಡ್ಡಗಳಲ್ಲಿ ಕುರಿ ಕಾದವಳು ಅಂತ ನಿನಗೆ ಗೊತ್ತು. ತೋಳ ಒಂಟಿಯಾಗಿ ಬರುವುದಿಲ್ಲ. ಒಂದು ತೋಳ ಎಲ್ಲರಿಗೂ ಕಾಣುವ ಹಾಗೆ ಬಯಲಲ್ಲಿ ಬಂದು ನಿಲ್ಲುತ್ತದೆ. ನಾಯಿಗಳು, ಗಂಡಸರು, ಎಲ್ಲರೂ ಕೂಗಿಕೊಂಡು ಅದರ ಹಿಂದೆ ಓಡುತ್ತಾರೆ. ಹಿಂಡಿನ ಹಿಂದಿನ ಪೊದೆಯಿಂದ ಇನ್ನೊಂದು ಬಂದು ಮರಿ ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ನಮ್ಮಪ್ಪ ನನ್ನನ್ನು ಹಿಂಡಿನ ಹಿಂದೆ ಬಿಡುತ್ತಿದ್ದ. ನಮ್ಮ ಕಡೆ ಮನೆಯಲ್ಲಿ ತೆಲುಗು, ಅವನು ದೂರದಿಂದ ಕೂಗುತ್ತಿದ್ದದ್ದು ಒಂದೇ ಮಾತು, “ಉರಕೊದ್ದು, ಆಡನೇ ನಿಲಬಡು.” ಓಡಬೇಡ, ಅಲ್ಲೇ ನಿಂತ್ಕೋ. ಎಲ್ಲರೂ ಓಡುವಾಗ ನಿಂತಿರುವುದು ಎಷ್ಟು ಕಷ್ಟ ಎಂದು ನಿಂತವರಿಗೆ ಗೊತ್ತು. ಕಾಲು ತಾನಾಗಿಯೇ ಎದ್ದು ಹೋಗುತ್ತದೆ. ಓಡಿದವನಿಗೆ ಊರಿನಲ್ಲಿ ಹೆಸರು, ತೋಳ ಅಟ್ಟಿದ ಎಂದು. ಮರಿ ಉಳಿಸಿದವಳು ಏನೂ ಮಾಡಿದ ಹಾಗೆ ಕಾಣುವುದಿಲ್ಲ, ಯಾಕೆಂದರೆ ಏನೂ ಆಗಲಿಲ್ಲವಲ್ಲ.

ಅದಕ್ಕೇ ನನ್ನನ್ನು ಕೇಳಿದರೆ, ಮೇಷ್ಟ್ರು ನಾಲ್ಕು ಜನ ಎನ್ನಲಿ, ಗಂಗಹನುಮಯ್ಯ ಕೀಪರ್ ಎನ್ನಲಿ, ಕಾಯುವವರಲ್ಲಿ ಮೊದಲನೆಯವಳು ಮೋಸದ ಹೆಜ್ಜೆಗೆ ಎಗರದವಳು. ಅಂಥವಳು ನಡುವೆ ಒಬ್ಬಳಿದ್ದರೆ ಪಕ್ಕದವರು ಧೈರ್ಯವಾಗಿ ಓಡಬಹುದು, ಕೀಪರ್ ಉಸಿರು ಬಿಡಬಹುದು. ಅಶ್ವಿನಿಯೂ ಮುಂದೆ ಹೋಗಿ ಗೋಲು ಹೊಡೆದಳು ಎಂದರೆ ಬೆನ್ನ ಹಿಂದೆ ನೀನಿದ್ದೀಯ ಎಂಬ ನಂಬಿಕೆಯಿಂದ. ಕೊನೆಗೆ ಲಕ್ಷ್ಮೀದೇವಿಯನ್ನೂ ದಾಟಿ ಹೋದ ಚೆಂಡಿಗೆ ಗೆರೆಯ ಮೇಲೆ ಕಾಲು ಕೊಟ್ಟು, ಪಾದ ತಿರುಚಿಕೊಂಡು ಬಿದ್ದೆಯಲ್ಲ, ಆವಾಗ ಪಕ್ಕದಲ್ಲಿದ್ದವನ ಹೆಗಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವನು ನನ್ನನ್ನು ಬೈದ.

ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಕಾಲು ನನ್ನ ತೊಡೆಯ ಮೇಲಿಟ್ಟುಕೊಂಡು, “ಅಜ್ಜಿ, ಅದು ನನ್ನ ಕಾಲಿಗೆ ತಾಗಿ ಒಳಗೆ ಹೋಗಿದ್ರೆ ಸೇಮ್ ಸೈಡ್ ಗೋಲು ಆಗ್ತಿತ್ತು,” ಎಂದೆ. ನಮ್ಮವರೇ ನಮ್ಮ ಗೂಡಿಗೆ ಹೊಡೆದರೂ ಎದುರಿನವರಿಗೇ ಲೆಕ್ಕವಂತೆ. “ಅಂಥ ಕೊಳಕು ಕೆಲ್ಸ ಯಾರ್ ಮಾಡ್ತಾರೆ?” ಎಂದೆ ನಾನು. “ಬೇಕಂತ ಯಾರೂ ಹೊಡಿಯಲ್ಲ ಕಣಜ್ಜಿ, ಹೆದ್ರಿಕೊಂಡು ಹೊಡೀತಾರೆ,” ಎಂದು ನೀನು ನಕ್ಕಿದ್ದೆ. ಆ ಮಾತು ಈಚೆಗೆ ಬಹಳ ನೆನಪಾಗುತ್ತದೆ.

ಬುಧವಾರ ಹೋಗು, ರಂಜು. ಪಾವಗಡದಿಂದ ಬೆಳಗಿನ ಬಸ್ಸು ಹತ್ತಿದರೆ ಮಧುಗಿರಿ ಮೇಲೆ ನೇರ ತುಮಕೂರು. ಇಲ್ಲಿಗೆ ಬಂದು ಹೋಗುತ್ತೇನೆ ಎನ್ನಬೇಡ. ಮಂಚದ ಕೆಳಗೆ ನೀನು ಎಸೆದು ಹೋಗಿದ್ದ ಬೂಟುಗಳನ್ನು ಸೀಗೆಪುಡಿಯಲ್ಲಿ ಉಜ್ಜಿ ಒಣಗಿಸಿ, ಒಳಗೆ ಪೇಪರು ತುರುಕಿ, ಲಕ್ಕಮ್ಮನ ಚೀಲದಲ್ಲಿ ಹುಣಸೆಹಣ್ಣಿನ ಉಂಡೆಯ ಕೆಳಗೆ ಇಟ್ಟಿದ್ದೇನೆ. ಹುಣಸೆಹಣ್ಣು ನಿನ್ನ ಅತ್ತೆಗೆ, ಬೂಟು ನಿನಗೆ. ಬದಲಾಯಿಸಿಕೊಳ್ಳಬೇಡಿ.

ನಿನ್ನ ಕಾಲು ಗಟ್ಟಿಯಾಗಲಿ, ಕಣ್ಣು ಚೆಂಡಿನ ಮೇಲಿರಲಿ, ಕರೆಯಬೇಕಾದವರು ನಿನ್ನ ಹೆಸರನ್ನು ತಪ್ಪಿಲ್ಲದೆ ಕರೆಯಲಿ. ನಮ್ಮಪ್ಪನ ಗುಡ್ಡದ ದೇವರುಗಳೆಲ್ಲ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಅಜ್ಜಿ,
ಓಬಳಮ್ಮ

ಮತ್ತೆ ಇನ್ನೊಂದು. ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಮನಸ್ಸು ಬರಲಿಲ್ಲ. ಮೇಲಿನದನ್ನೆಲ್ಲ ನಿನ್ನಮ್ಮ ಮಹಾಲಕ್ಷ್ಮಮ್ಮನಿಗೂ ಓದಿ ಹೇಳು. ಇಲ್ಲಿಂದ ಮುಂದಿನದು ನಿನಗೆ ಮಾತ್ರ.

ಮೊನ್ನೆ ಡೈರಿಯಲ್ಲಿ ಕಾಡಸಿದ್ದಪ್ಪನನ್ನು ಹಾಲಿನ ಕ್ಯಾನುಗಳ ಮುಂದೆ ಹಿಡಿದು ಉಗಿದೆ. ಅವನು ನನ್ನನ್ನು ಪಕ್ಕಕ್ಕೆ ಕರೆದು, “ಅವ್ವ, ಊರ್ ಮುಂದೆ ನನ್ ಮಾನ ತೆಗೀಬ್ಯಾಡ. ನಿನ್ ಮಗ ಜಯಕುಮಾರನೇ ಬಂದು ಕೈ ಮುಗ್ದು ಹೇಳ್ದ. ನಮ್ ಹುಡ್ಗಿ ಫೋಟೋ ಹಾಕ್ಬ್ಯಾಡಣ್ಣ, ಮೈಕ್‌ನಾಗೆ ಹೆಸ್ರೂ ಕರೀಬ್ಯಾಡ, ಪುರವರದ ಕಡೆಯೋರು ಹೆಣ್ಣು ನೋಡಕ್ಕೆ ಬತ್ತಾವ್ರೆ, ಚಡ್ಡಿ ಹಾಕ್ಕಂಡು ಬಯಲ್ನಾಗೆ ಓಡೋದು ತಿಳಿದ್ರೆ ಬುಟ್ಟೋಯ್ತಾರೆ ಅಂದ. ನಾನೇನ್ ಮಾಡ್ಲಿ,” ಎಂದ. ಗೊರವನಹಳ್ಳಿಯ ಶುಕ್ರವಾರಗಳು ಯಾಕೆ ಎಂದು ಆಗ ತಿಳಿಯಿತು. ದೇವರ ಮುಂದೆ ಕೂತು ನಿನ್ನ ಮದುವೆ ಮಾತಾಡಿ ಬಂದಿದ್ದಾನೆ.

ಮನೆಗೆ ಬಂದು ಕೇಳಿದೆ. ಫೋನಿನಿಂದ ತಲೆ ಎತ್ತದೆ, “ಅವ್ಳ ಒಳ್ಳೇದಕ್ಕೇ ಕಣವ್ವ,” ಎಂದ. ಪುರವರದವರು ಬರುವುದು ಬುಧವಾರ. ತುಮಕೂರು ಯಾವ ದಿನ ಎಂದು ಕೇಳಿಕೊಂಡೇ ಗೊತ್ತು ಮಾಡಿದ್ದಾನೆ. ನಿನ್ನೆ ಹಿತ್ತಲಲ್ಲಿ ಮದುವೆ ಬ್ರೋಕರ್‌ಗೆ ಫೋನಿನಲ್ಲಿ ಹೇಳುತ್ತಿದ್ದ, “ಮಂಗಳವಾರ ಪಾವಗಡಕ್ಕೆ ಫೋನ್ ಮಾಡ್ತೀನಿ. ಅವ್ವಂಗೆ ಉಸಾರಿಲ್ಲ ಅಂದ್ರೆ ಹುಡ್ಗಿ ಓಡ್ ಬತ್ತಾಳೆ.”

ಬೇರೆ ಯಾವನೋ ಮಾಡಿದ್ದರೆ ಉಗಿದು ಮರೆಯುತ್ತಿದ್ದೆ. ಇವನಿಗೆ ಹಾಲು ಕೊಟ್ಟವಳು ನಾನು. ಮಗಳ ಹೆಸರು ಕರೆಯದ ಹಾಗೆ ಮಾಡಿ, ಸ್ಟೇಜಿನ ಮೇಲೆ ನಿಂತು ಬೇರೆಯವರ ಮಕ್ಕಳಿಗೆ ಹಾರ ಎತ್ತಿಕೊಟ್ಟ. ಈಗ ಹೆತ್ತವಳನ್ನೇ ಬಯಲಲ್ಲಿ ನಿಲ್ಲಿಸುವ ತೋಳ ಮಾಡಿದ್ದಾನೆ, ನೀನು ಜಾಗ ಬಿಟ್ಟು ಓಡಿ ಬರಲಿ ಎಂದು. ಹೆದರಿಕೊಂಡು ಹೊಡೆದ ಎಂದು ನೀನು ಅವನನ್ನು ಕ್ಷಮಿಸುತ್ತೀಯೋ ಏನೋ, ನನ್ನಿಂದ ಇನ್ನೂ ಆಗಿಲ್ಲ.

ಮಂಗಳವಾರ ಫೋನ್ ಬರುತ್ತದೆ. ಅಜ್ಜಿ ಉಸಿರಾಡುತ್ತಿಲ್ಲ ಎಂದರೂ ಎಗರಬೇಡ. ಬುಧವಾರ ಬಾಗಿಲಲ್ಲಿ ನಾನು ಕೂತಿರುತ್ತೇನೆ. ಪುರವರದವರು ಬಂದರೆ, ಹುಡುಗಿ ಚಡ್ಡಿ ಹಾಕಿಕೊಂಡು ತುಮಕೂರಿನಲ್ಲಿ ಆಡುತ್ತಿದ್ದಾಳೆ, ಕಾಫಿ ಕುಡಿದು ಹೋಗಿ ಎನ್ನುತ್ತೇನೆ.

ನನಗೆ ಏನೂ ಆಗಿಲ್ಲ. ನಿನ್ನ ಅಪ್ಪನಿಗೆ ಎಂದು ಕಟ್ಟಿಟ್ಟಿದ್ದ ಮುದ್ದೆಯನ್ನೂ ನಾನೇ ಉಂಡು ಇದನ್ನು ಬರೆಯುತ್ತಿದ್ದೇನೆ.